ಏಳನೆಯ ಗುಡ್ಡ

ಪ್ಲೊವ್ದಿವ್ ಊರಿಗೆ ಗುಡ್ಡಗಳು ಏಳು ಅಂತಾರೆ.
ಎಣಿಸಿ ನೋಡಿ, ಆರೇ ಸಿಗುತ್ತವೆ.
ನಕ್ಷೆ ಹಿಡಿದ ಪ್ರವಾಸಿಗಳು ನನ್ನ ಅಂಗಡಿಗೇ ಬರುತ್ತಾರೆ
ಕೇಳುವುದಕ್ಕೆ. ಬಾಗಿಲು ತೆರೆದೇ ಇರುತ್ತದಲ್ಲ,
ಮತ್ತೆ ನನಗೆ ಐದು ಭಾಷೆಯಲ್ಲಿ
‘ಎಡಕ್ಕೆ ತಿರುಗಿ’ ಅನ್ನಲು ಬರುತ್ತದೆ.

ನಾನು ಸೆರೋಪ್, ಬೂಟು ಹೊಲಿಯುವವನು.
ಗಡಿಯಾರದ ಗುಡ್ಡದ ಬುಡದಲ್ಲಿ, ಮೆಟ್ಟಿಲು ಶುರುವಾಗುವ ಕಡೆ,
ಕರವಸ್ತ್ರದಷ್ಟು ಬಿಸಿಲು ಬೀಳುವ ಅಂಗಡಿ.
ಊರಿಗೆ ಎಷ್ಟೋ ಸಾವಿರ ವರ್ಷ, ನನಗೆ ಅರವತ್ತೆರಡು.
ಚಳಿ ಬಿದ್ದರೆ ಇಬ್ಬರ ಮಂಡಿಯೂ ಮಾತಾಡುತ್ತದೆ.

ಅಟ್ಟೆ ಸವೆದ ಬಗೆ ನೋಡಿ ಹೇಳಬಲ್ಲೆ
ಯಾರು ಎಲ್ಲೆಲ್ಲಿ ಅಲೆದು ಬಂದರೆಂದು.
ಹೊರಗಂಚು ತಿಂದಿದ್ದರೆ ರೋಮನರ ರಂಗಮಂದಿರ:
ಮಣ್ಣು ಹೊದ್ದು ಮಲಗಿತ್ತು ನಾನು ಹುಡುಗನಾಗುವ ತನಕ,
ಅದರ ಮೇಲೆ ಯಾರೋ ಬಟ್ಟೆ ಒಣಹಾಕುತ್ತಿದ್ದರು.
ತುದಿ ಮಾತ್ರ ಸವೆದಿದ್ದರೆ ಜುಮಾಯಾ ಮಸೀದಿಯ ಪಕ್ಕ
ಕಟಕಟೆ ಹಿಡಿದು, ತುದಿಗಾಲಲ್ಲಿ ಬಗ್ಗಿ
ಅಂಗಡಿಬೀದಿಯಡಿ ಹೂತ ಓಟದ ಕಣವನ್ನು ನೋಡಿದವರು.
ಎರಡೂ ಕಡೆ ಅಡ್ಡಾದಿಡ್ಡಿ ಸವೆದಿದ್ದರೆ ಕಪಾನಾ.
ಕಪಾನಾ ಅಂದರೆ ಬೋನು. ಓಣಿಗಳಲ್ಲಿ ಹೊಕ್ಕವರು
ದ್ರಾಕ್ಷಿಯ ಸಾರಾಯಿ ಮುಗಿಯದೆ ಹೊರಬರುವುದಿಲ್ಲ.

ಹಿಮ್ಮಡಿಯೇ ಮುರಿದಿದ್ದರೆ, ಅಮ್ಮಾ,
ನೀವು ಹುಡುಕುವ ಏಳನೆಯದು ಅದೇ.
ಅದರ ಮೇಲೇ ನಡೆದು ಬಂದಿರಿ.

ಮಾರ್ಕೊವೊ ಅಂತ ಇತ್ತು ಒಂದು.
ಬೂದುಗಪ್ಪು ಕಲ್ಲು, ಒಡೆದರೆ ಒಳಗೆ ಮಿಂಚು.
ಬೀದಿ ಬೇಕಾಯಿತು ಊರಿಗೆ; ಗುಡ್ಡವನ್ನೇ ಕಡಿದು ಹಾಸಿದರು.
ನನ್ನ ತಾತ ಮಿಹ್ರಾನ್ ಬಂದದ್ದು ಆಗಲೇ,
ಮನೆ ಸುಟ್ಟುಕೊಂಡು, ಗಡಿ ದಾಟಿ,
ಒಂದು ಕೈಯಲ್ಲಿ ತಂಗಿ, ಇನ್ನೊಂದು ಕೈ ಖಾಲಿ.
ಖಾಲಿ ಕೈಗೆ ಸುತ್ತಿಗೆ ಕೊಟ್ಟರು.
ದಿನಕ್ಕೆ ಇಷ್ಟು ಕಲ್ಲಿಗೆ ಇಷ್ಟು ರೊಟ್ಟಿ.
ಗುಡ್ಡ ಕರಗಿತು, ತಂಗಿ ಬೆಳೆದಳು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ.
ಕಾಲಡಿಗೆ ಬಂದದ್ದು ಇನ್ನೂ ನುಣ್ಣಗೆ,
ಮಳೆ ಬಂದರಂತೂ ಕೇಳಬೇಡಿ,
ನನಗೆ ಗಿರಾಕಿಗಳು.

ಅಟ್ಟೆಯ ಸಂದಿಗೆ ಸಿಕ್ಕ ಚೂರುಗಳನ್ನು
ದಬ್ಬಳದಿಂದ ಎಬ್ಬಿಸಿ ತಂಬಾಕಿನ ಡಬ್ಬಿಗೆ ಹಾಕುತ್ತೇನೆ.
ಮೂವತ್ತು ವರ್ಷ. ಮುಕ್ಕಾಲು ಡಬ್ಬಿ.
ಒಬ್ಬಳು ಹುಡುಗಿ ಇಣುಕಿ ನಕ್ಕಳು: ‘ಇದು ಜಲ್ಲಿ.’
ಹೌದು ಮಗಳೇ, ಜಲ್ಲಿಯೇ.

ಹೋದ ನವೆಂಬರಿನಲ್ಲಿ ಗಡಿಯಾರ ನಿಂತಿತು.
ಕೀಲಿ ಕೊಡುವ ಸ್ತಾಮೆನ್ ಬಂದ, ಬೂಟು ಬಿಚ್ಚಿ ಮೇಜಿನ ಮೇಲಿಟ್ಟ:
‘ಜಾರುತ್ತೆ ಮಾರಾಯ. ರಬ್ಬರು ಹಾಕು. ಜೊತೆಗೆ ನೀನೂ ಬಾ,
ಒಬ್ಬನೇ ಬಿದ್ದರೆ ಯಾರಿಗೂ ಗೊತ್ತಾಗೋದಿಲ್ಲ.’

ಬುಡದಲ್ಲೇ ಬದುಕಿದವನು ನಾನು
ಮೇಲೆ ಹೋಗಿ ಹನ್ನೊಂದು ವರ್ಷವಾಗಿತ್ತು.
ಮೆಟ್ಟಿಲ ಮೇಲೆ ಲಿಂಡನ್ ಎಲೆ, ಒದ್ದೆ.
ಕೈಗಂಬಿಯ ಕೆಳಗೆ ಒಂದು ಬೆಕ್ಕು,
ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮೇಲೆ, ಗಾಳಿ.
ಕೆಂಪು ಹಂಚು, ಮಸೀದಿಯ ಗೋಪುರ, ಮರಿತ್ಸಾ ಹೊಳೆ,
ಆಚೆ ಗುಡ್ಡದಲ್ಲಿ ಕಲ್ಲಿನ ಸೈನಿಕ
ಯಾವುದನ್ನು ಕಾಯುತ್ತಿದ್ದೇನೆ ಎಂಬುದನ್ನು ಮರೆತವನ ಹಾಗೆ.
ಸ್ತಾಮೆನ್ ತೂಕದ ಹಗ್ಗ ಸೇದುತ್ತಿದ್ದ, ಏದುಸಿರು.
ನಾನು ಕಣ್ಣಲ್ಲೇ ಹುಡುಕಿದೆ ಮಾರ್ಕೊವೊ ಇದ್ದ ಜಾಗ:
ದೀಪ ಹತ್ತಿದ ಒಂದು ಮಾಲ್,
ಅದರ ಚಾವಣಿಯ ಮೇಲೆ
ಗುಡ್ಡದಷ್ಟೇ ಎತ್ತರದ ಕತ್ತಲೆ.

ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳು.
ಹಸಿವಾಯಿತು, ಅದು ನಿಜ.

ಗಂಟೆ ಹೊಡೆಯಿತು, ಆರು. ನನ್ನ ಕೈಗಡಿಯಾರದಲ್ಲಿ
ಆರು ದಾಟಿ ಏಳು ನಿಮಿಷ. ಹೇಳಿದೆ.
‘ಐಲ್ಯಾಕ್’ ಅಂದ ಸ್ತಾಮೆನ್.
ನಮ್ಮೂರ ಮಾತು, ಅಂದರೆ ಬಿಡು, ಹೊತ್ತಿಗೇನು ಹೊತ್ತು.

ಇಳಿಯುವಾಗ ನನ್ನದೇ ಬೂಟಿಗೆ ಸಿಕ್ಕಿತು ಒಂದು ಹರಳು.
ಮೆಟ್ಟಿಲು ಮೆಟ್ಟಿಲಿಗೂ ಕಟ್, ಕಟ್.
ಅಂಗಡಿಯಲ್ಲಿ ದಬ್ಬಳ ಕೈಗೆಟುಕುವಲ್ಲೇ ಇತ್ತು.
ತೆಗೆಯಲಿಲ್ಲ.
ಹಾಗೇ ಮನೆಯವರೆಗೂ ನಡೆದೆ.